ಕಟವಪ್ರವರ್ಣನೆಯೂ ಭೂರೂಪಸಾಕ್ಷ್ಯವೂ

ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಪಾರ್ಶ್ವನಾಥ ಬಸದಿಯ ಬಳಿಯ ಬಂಡೆಯ ಮೇಲಿರುವ ಪ್ರಾಚೀನ ಶಾಸನವು ಭದ್ರಬಾಹುವಿನ ಐತಿಹ್ಯದ ಮೂಲಕ ವಿದ್ವಾಂಸರಿಗೆ ಸುಪರಿಚಿತವಾಗಿದೆ. ರೈಸ್ ಸಾಹೇಬರು 1889ರಲ್ಲಿಯೂ, ಆರ್. ನರಸಿಂಹಾಚಾರ್ಯರು 1923ರಲ್ಲಿಯೂ ಬೆಳಗೊಳದ ಶಾಸನಸಂಪುಟವನ್ನು ಪ್ರಕಟಿಸಿದ ತರುವಾಯ, ಚರ್ಚೆಯೆಲ್ಲವೂ ಇತಿಹಾಸದ ಕಡೆಗೇ ಒಲಿಯಿತು. ಅದರ ಸಂಸ್ಕೃತಗದ್ಯದಲ್ಲಿರುವ ಕಟವಪ್ರಗಿರಿಯ ವರ್ಣನೆಯಾದರೋ ಕಾವ್ಯದೃಷ್ಟಿಯಿಂದಲೂ ಪರೀಕ್ಷಾರ್ಹವಾದುದು. ಉದುರಿದ ಹೂಗಳಿಂದ ಚಿತ್ರವರ್ಣವಾದ, ಜಲಭರಿತ ಮೇಘದಂತೆ ಕಪ್ಪಾದ ಶಿಲೆಗಳು, ಗುಹೆ, ಕಂದರಗಳು, ಹಂದಿ, ಹುಲಿ, ಕರಡಿ, ಸರ್ಪ, ಮೃಗಗಳು: ಇವೆಲ್ಲವೂ ಅಲ್ಲಿ ಉಂಟು. ಇದು ಕಣ್ಣಾರೆ ಕಂಡುದೋ, ಕವಿಸಮಯವೋ?

ಇದನ್ನು ನಿರ್ಣಯಿಸಲು ನೆಲವನ್ನೇ ಸಾಕ್ಷಿಗೆ ಕರೆಯಬೇಕು. ನೆಲದ ಸಾಕ್ಷ್ಯವನ್ನು ಓದುವ ಕ್ರಮವು ಉತ್ತರಧ್ರುವಪ್ರಾಂತದ ಹಿಮನದಿಗಳ ವಿಷಯದಲ್ಲಿ ಚೆನ್ನಾಗಿ ಬೆಳೆದಿದೆ. ಭಾರತವು 2008ರಲ್ಲಿ ‘ಹಿಮಾದ್ರಿ’ ಎಂಬ ಸಂಶೋಧನಾಕೇಂದ್ರವನ್ನು ತೆರೆದ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ, ಹಿಮವು ಕರಗಿಹೋದೆಡೆಯಲ್ಲಿಯೂ ಅದರ ನಡತೆಯ ಗುರುತು ಉಳಿದಿರುತ್ತದೆ. ಹಿಮನದಿಯು ತಳ್ಳಿ ಬಿಟ್ಟ ಕಲ್ಲುಮಣ್ಣಿನ ಹಿರಿಯ ದಿಬ್ಬವು ಅದು ಮುಟ್ಟಿದ ಎಲ್ಲೆಯನ್ನು ತಿಳಿಸುವುದು. ಸಾಲುಸಾಲಾದ ಕಿರುದಿಬ್ಬಗಳು ಅದು ಚಳಿಗಾಲದಲ್ಲಿ ತುಸು ಮುಂದೊತ್ತಿ, ಬೇಸಗೆಯಲ್ಲಿ ಅದಕ್ಕಿಂತ ಹೆಚ್ಚು ಹಿಂಜರಿದುದನ್ನು ಹೇಳುವುವು. ಬಲೆಯಂತೆ ಹೆಣೆದ ಏರಿಗಳಾದರೋ ಹಠಾತ್ತಾಗಿ ಮುನ್ನುಗ್ಗಿ ಬಿರಿದ ಹಿಮದ ಬಿರುಕುಗಳಿಗೆ ಅಡಿಯ ಕೆಸರು ಒತ್ತಿಬಂದುದರ ಚಿಹ್ನೆ. ಅಲ್ಲಿಯ ಕಾಂಗ್ಸ್‌ವೇಗೆನ್ ಹಿಮನದಿಯು 1948ರ ಸುಮಾರಿನಲ್ಲಿ ಹಾಗೆಯೇ ಮುನ್ನುಗ್ಗಿತ್ತು.

ಇಲ್ಲಿ ನೈಯಾಯಿಕರ ಎಚ್ಚರಿಕೆ ಸಲ್ಲುತ್ತದೆ. ಹೊಗೆಯಿಂದ ಬೆಟ್ಟದಲ್ಲಿ ಬೆಂಕಿಯನ್ನು ಊಹಿಸಬಹುದು. ಧೂಳನ್ನು ಹೊಗೆಯೆಂದು ಭ್ರಮಿಸಿ ಊಹಿಸಲಾಗದು. ಹಿಮವು ಉಜ್ಜಿದ ಬಂಡೆಯೂ ನುಣುಪು, ಬೆಳಗೊಳದ ದೊಡ್ಡಬೆಟ್ಟವೂ ನುಣುಪು. ಆದರೆ ಇಲ್ಲಿಯ ಕಣಶಿಲೆಯು ಬಿಸಿಲು ಮಳೆಗಳಿಗೆ ಸಿಕ್ಕಿ ಪದರುಪದರಾಗಿ ಸುಲಿದು ದುಂಡಾದುದು. ನುಣುಪು ಮಾತ್ರವೇ ಹೇತುವಾದರೆ ಅದು ಸವ್ಯಭಿಚಾರ. ಗೀರು, ದಿಬ್ಬ, ದೂರದಿಂದ ಬಂದ ಕಲ್ಲು ಇವು ಒಂದೆಡೆ ಕೂಡಿದಾಗಲೇ ಹಿಮದ ಅನುಮಾನವು ನಿಲ್ಲುವುದು.

ಇದೇ ನಿಕಷದಲ್ಲಿ ಶಾಸನವರ್ಣನೆಯನ್ನು ಉಜ್ಜಿದರೆ ಅದು ಎರಡಾಗಿ ಒಡೆಯುತ್ತದೆ. ಮಳೆನೀರು ಹರಿದ ಜಾಡಿನಲ್ಲಿ ಬರಿಯ ಬಂಡೆ ಕಪ್ಪಾಗುವುದು ಇಂದಿಗೂ ಕಾಣುವಂಥದು. ಮೇಘದ ಉಪಮಾನವು ಅಲ್ಲಿ ಕೇವಲ ಅಲಂಕಾರವಲ್ಲ. ಭದ್ರಬಾಹುವಿನ ಹೆಸರಿನ ಗುಹೆಯೂ ಆ ಬೆಟ್ಟದಲ್ಲಿಯೇ ಇದೆ. ಮೃಗಗಳ ಪಟ್ಟಿಯಾದರೋ ವನವರ್ಣನೆಗಳಲ್ಲೆಲ್ಲ ಬರುವಂಥದು. ಅದಕ್ಕೆ ಶಿಲೆಯು ಸಾಕ್ಷಿ ನುಡಿಯದು. ಆ ಪಟ್ಟಿಯೊಂದನ್ನೇ ಆಧರಿಸಿ ಆ ಕಾಲದಲ್ಲಿ ಕಟವಪ್ರವು ಮಹಾರಣ್ಯವಾಗಿತ್ತೆಂದು ಸಾಧಿಸುವುದು ನುಣುಪಿನಿಂದ ಹಿಮವನ್ನು ಸಾಧಿಸಿದಂತೆಯೇ ಸರಿ. ಹಾಗೆಂದು ಅದು ಸುಳ್ಳೆಂದೂ ಸಿದ್ಧವಾಗದು; ಬೇರೆ ಪ್ರಮಾಣವು ದೊರೆಯುವವರೆಗೆ ಅದು ಸಂದಿಗ್ಧ.

ಇದರಿಂದ ಶಾಸನಕವಿಗೆ ಕುಂದಿಲ್ಲ. ಸಂಪ್ರದಾಯದ ನುಡಿಗಳ ನಡುವೆ ಆ ಬೆಟ್ಟದ್ದೇ ಆದ ಕರಿಬಂಡೆಯನ್ನು ಅವನು ಇರಿಸಿದ್ದಾನೆ. ಶಾಸನಗಳನ್ನು ಪಾಠ ಹೇಳುವವರು ಅಕ್ಷರದೊಡನೆ ಅಕ್ಷರವನ್ನು ಹೊತ್ತ ಬಂಡೆಯನ್ನೂ ಓದಿಸಿದರೆ, ಕಂಡುದಕ್ಕೂ ಕಲಿತುದಕ್ಕೂ ಇರುವ ಭೇದವು ವಿದ್ಯಾರ್ಥಿಗಳಿಗೆ ತಾನಾಗಿಯೇ ವಿಶದವಾದೀತು.