ಗಾಯವನ್ನಷ್ಟೇ ಓದಿದರೆ

ಗೀತಾ ನಾಗಭೂಷಣರ ಕಾದಂಬರಿಗಳ ಬಗ್ಗೆ ನಮ್ಮಲ್ಲಿ ಬಂದ ಸಂಶೋಧನೆಗಳನ್ನು ಓದುತ್ತ ಹೋದರೆ ಒಂದು ಪದ ಮತ್ತೆ ಮತ್ತೆ ಎದುರಾಗುತ್ತದೆ: ಶೋಷಣೆ. ಅದರಲ್ಲಿ ತಪ್ಪೇನಿಲ್ಲ. ಕಲಬುರಗಿಯ ಮಿಲ್ ಕಾರ್ಮಿಕರೊಬ್ಬರ ಮಗಳು ಬರೆದ ‘ಹಸಿಮಾಂಸ ಮತ್ತು ಹದ್ದುಗಳು’ ಎಂಬ ಶೀರ್ಷಿಕೆಯೇ ಕೇರಿಯ ಹೆಣ್ಣಿನ ಮೈಯನ್ನು ಊರು ಹೇಗೆ ನೋಡುತ್ತದೆಂದು ಹೇಳಿಬಿಡುತ್ತದೆ. ಆದರೆ ಆ ಮೈಗೆ ತನ್ನದೇ ಬಯಕೆ ಇತ್ತೇ? 2004ರಲ್ಲಿ ‘ಬದುಕು’ವಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಮೇಲೂ ನಮ್ಮ ವಿಮರ್ಶೆ ಈ ಪ್ರಶ್ನೆಯ ಹತ್ತಿರ ಸುಳಿದದ್ದು ಕಡಿಮೆ.

ಅಂಜಿಕೆಗೆ ಕಾರಣವಿದೆ. ದಲಿತ ಹೆಣ್ಣು ‘ಸಿಗುವವಳು’ ಎಂಬ ಮೇಲ್ಜಾತಿಯ ಸುಳ್ಳಿಗೆ ಬಯಕೆಯ ಮಾತು ಪುರಾವೆಯಾದೀತು. ಅಮೆರಿಕದ ಕಪ್ಪು ಹೆಣ್ಣುಮಕ್ಕಳೂ ಇದೇ ಇಕ್ಕಟ್ಟಿನಲ್ಲಿದ್ದರು. ಅತ್ಯಾಚಾರ, ಅಪವಾದಗಳಿಂದ ಪಾರಾಗಲು ಅವರು ಒಳಬದುಕನ್ನು ಬೇಕೆಂದೇ ಮರೆಮಾಡಿದರೆಂದು ಡಾರ್ಲೀನ್ ಕ್ಲಾರ್ಕ್ ಹೈನ್ 1989ರಲ್ಲಿ ಬರೆದರು. ಆಡ್ರಿ ಲಾರ್ಡ್ 1978ರಲ್ಲೇ ಶೃಂಗಾರವನ್ನು ಹೆಣ್ಣಿನ ಶಕ್ತಿ ಎಂದು ಕರೆದಿದ್ದರು. ಜೆನಿಫರ್ ನ್ಯಾಶ್ 2014ರಲ್ಲಿ ಇನ್ನೂ ಮುಂದೆ ಹೋಗಿ, ಕಪ್ಪು ಮೈಯಲ್ಲಿ ಗಾಯವನ್ನಷ್ಟೇ ಹುಡುಕುವ ಸ್ತ್ರೀವಾದಿ ಓದನ್ನೇ ಪ್ರಶ್ನಿಸಿದರು. ನ್ಯಾಶ್ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಅವರು ಓದುವುದು ಪೋರ್ನ್ ಸಿನಿಮಾಗಳನ್ನು, ಅಲ್ಲಿ ಸುಖ ಯಾರದ್ದೆಂದು ಹೇಳುವುದು ಸುಲಭವಲ್ಲ. ನಮಗೆ ಹೆಚ್ಚು ಹತ್ತಿರದವರು ಶೈಲಜಾ ಪೈಕ್. ಮಹಾರಾಷ್ಟ್ರದ ತಮಾಷಾ ಕಲಾವಿದೆಯರ ಮೇಲಿನ ಅವರ 2022ರ ಪುಸ್ತಕ, ‘ಅಶ್ಲೀಲ’ ಎಂಬ ಮುದ್ರೆಯನ್ನು ಜಾತಿಯೇ ಒತ್ತುತ್ತದೆಂದು ತೋರಿಸುತ್ತದೆ.

ಇನ್ನು ನಮ್ಮ ಭಾಷೆ. ಸೇಡಂ, ಚಿಂಚೋಳಿ ಕಡೆ ‘ಆಕಿ ಅವನ್ನ ಇಟಗೊಂಡಾಳ’ ಎನ್ನುತ್ತಾರೆ. ನಿಂದೆಯೇ, ಆದರೆ ವ್ಯಾಕರಣ ನೋಡಿ: ಕರ್ತೃ ಹೆಣ್ಣು, ಕರ್ಮ ಗಂಡು. ‘ಉಡಿಕಿ’ ಎಂಬ ಪದದಲ್ಲಿ ಹೆಣ್ಣಿನ ಎರಡನೇ ಮದುವೆಗೆ ಸಮುದಾಯದ ಒಪ್ಪಿಗೆಯಿದೆ. ಮೇಲ್ಜಾತಿಯ ವಿಧವೆಗೆ ಇಲ್ಲದ ಈ ದಾರಿಯನ್ನು ನಮ್ಮ ಮಹಾಪ್ರಬಂಧಗಳು ‘ಪದ್ಧತಿಗಳು’ ಎಂಬ ಉಪಶೀರ್ಷಿಕೆಯಡಿ ಎರಡು ಸಾಲಿನಲ್ಲಿ ಮುಗಿಸುತ್ತವೆ. ಕಾದಂಬರಿಯೊಳಗಿನ ಬೈಗುಳ, ಚೇಷ್ಟೆ, ಸಲಿಗೆಗಳನ್ನು ‘ಪ್ರಾದೇಶಿಕ ಸೊಗಡು’ ಎಂದು ಪಕ್ಕಕ್ಕಿಡುವುದೂ ಹೀಗೆಯೇ. ಸೊಗಡು ಎಂದ ಕೂಡಲೇ ಅರ್ಥ ಹೇಳುವ ಹೊಣೆ ತಪ್ಪುತ್ತದಲ್ಲ!

ಚಿತ್ತಾಪುರದ ತೊಗರಿ ಹೊಲಗಳಲ್ಲಿ, ವಾಡಿ, ಶಹಾಬಾದಿನ ಪರ್ಸಿ ಕಲ್ಲಿನ ಖಣಿಗಳ ಸುತ್ತ ಹಾಡು ಕೇಳಲು ಹೋದಾಗ ಹೆಂಗಸರು ನಕ್ಕು ನಕ್ಕು ಹಾಡಿ, ಕೊನೆಗೆ ‘ಇದನ್ನ ಬರಕೋಬ್ಯಾಡವ್ವ’ ಎನ್ನುತ್ತಾರೆ. ಹೈನ್ ಹೇಳಿದ ಮರೆ ಇದೇ. ಸಂಕಲನಕಾರರು ಸಭ್ಯತೆಗಾಗಿ ಇಂಥ ಹಾಡನ್ನು ಬಿಡುವುದು ಬೇರೆ, ಹಾಡಿದವಳೇ ತಡೆಯುವುದು ಬೇರೆ. ನಾನು ಆ ಹಾಡುಗಳನ್ನು ಬರೆದುಕೊಂಡಿಲ್ಲ. ಬರೆಯಬೇಡ ಎಂದದ್ದನ್ನು ಮಾತ್ರ ನನ್ನ ಅಧ್ಯಾಯದಲ್ಲಿ ದಾಖಲಿಸಿದ್ದೇನೆ.