ಗುರುವಿನ ಪಕ್ಕದ ಕುರ್ಚಿ

ಲೂಯಿ ಆರ್ಮ್‌ಸ್ಟ್ರಾಂಗ್‌ನ ಆತ್ಮಕಥೆ ‘ಸ್ಯಾಚ್ಮೋ: ಮೈ ಲೈಫ್ ಇನ್ ನ್ಯೂ ಆರ್ಲಿಯನ್ಸ್’ (1954) ಎಲ್ಲಿ ನಿಲ್ಲುತ್ತದೆ ಎಂಬುದೇ ನನ್ನನ್ನು ಕಾಡುವ ಸಂಗತಿ. 1922ರಲ್ಲಿ ಶಿಕಾಗೋಗೆ ಹೋಗಿ, ಗುರು ಜೋ ‘ಕಿಂಗ್’ ಆಲಿವರ್‌ನ ತಂಡದಲ್ಲಿ ಎರಡನೆಯ ಕಾರ್ನೆಟ್ ವಾದಕನಾಗಿ ಕೂರುವಲ್ಲಿಗೆ ಕಥೆ ಮುಗಿಯುತ್ತದೆ. (ಕಾರ್ನೆಟ್ ಟ್ರಂಪೆಟ್ಟಿನ ಹತ್ತಿರದ ಬಂಧು. ಅವನು ಕಲಿತದ್ದು ಅದರಲ್ಲಿ, ಟ್ರಂಪೆಟ್ಟಿಗೆ ಬಂದದ್ದು ಆಮೇಲೆ.)

ಗುರುವಿನ ಚಿತ್ರದಲ್ಲಿ ಪ್ರೀತಿ ತುಂಬಿದೆ. ಆಲಿವರ್‌ನ ಹೆಂಡತಿಗೆ ಸಣ್ಣಪುಟ್ಟ ಕೆಲಸ ಮಾಡಿಕೊಡುವುದು, ಅದಕ್ಕೆ ಪ್ರತಿಯಾಗಿ ಪಾಠ, ಜೊತೆಗೆ ಅವನು ಬಳಸಿದ ಕಾರ್ನೆಟ್ಟೊಂದರ ಉಡುಗೊರೆ. ಗುರುಕುಲದ ಕಥೆ ಕೇಳಿ ಬೆಳೆದ ನಮಗೆ ಇದೆಲ್ಲ ಪರಿಚಿತವೇ. ಆದರೆ ಆ ಪಾಠದಲ್ಲಿ ಇದ್ದದ್ದೇನು? ಪುಸ್ತಕಕ್ಕಿಂತ ಚೆನ್ನಾಗಿ ಅದನ್ನು ಹೇಳುವುದು 1923ರ ಧ್ವನಿಮುದ್ರಿಕೆಗಳು. ‘ಸ್ನೇಕ್ ರ‍್ಯಾಗ್’ ಕೇಳಿ. ತಂಡವೆಲ್ಲ ತಟ್ಟನೆ ಸುಮ್ಮನಾದಾಗ ಎರಡು ಕಾರ್ನೆಟ್‌ಗಳು ಮಾತ್ರ ಜೋಡಿಯಾಗಿ ನುಡಿಯುತ್ತವೆ. ಮುಂದೆ ತಾನು ಏನು ನುಡಿಸುತ್ತೇನೆಂಬ ಸುಳಿವನ್ನು ಆಲಿವರ್ ಕೊಡುತ್ತಿದ್ದ. ಪಕ್ಕದಲ್ಲಿದ್ದವನು ಅದನ್ನು ಹಿಡಿದು, ಹೊಂದುವ ಸ್ವರಗಳನ್ನು ಆ ಗಳಿಗೆಯಲ್ಲೇ ಕೂಡಿಸಬೇಕಿತ್ತು. ಅಲ್ಲಿ ಶಿಷ್ಯ ಗುರುವಿನ ಎದುರು ಕೂತಿಲ್ಲ, ಪಕ್ಕದಲ್ಲಿದ್ದಾನೆ. ತನ್ನ ದನಿ ಅವನದನ್ನು ಮೀರದಂತೆ ನೋಡಿಕೊಳ್ಳುತ್ತಿದ್ದಾನೆ.

ಎಷ್ಟು ದಿನ ಹಾಗೆ? ಪುಸ್ತಕ ಈ ಪ್ರಶ್ನೆಯ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ಅದೇ ತಂಡದ ಪಿಯಾನೋ ವಾದಕಿ ಲಿಲ್ ಹಾರ್ಡಿನ್ 1924ರಲ್ಲಿ ಅವನನ್ನು ಮದುವೆಯಾದಳು; ಆಲಿವರ್‌ನನ್ನು ಬಿಟ್ಟು ಹೊರಡೆಂದು ಒತ್ತಾಯಿಸಿದವಳೂ ಅವಳೇ. ಅವನು ಹೊರಟ. ಆಲಿವರ್ ಮುಂದೆ ಒಸಡಿನ ಕಾಯಿಲೆಯಿಂದ ನುಡಿಸಲಾಗದೆ, ಜಾರ್ಜಿಯಾದ ಸವಾನಾದಲ್ಲಿ ಪೂಲ್ ಆಟದ ಮನೆಯೊಂದರ ಕಸ ಗುಡಿಸುತ್ತ, 1938ರಲ್ಲಿ ಬಡವನಾಗಿ ತೀರಿಕೊಂಡ.

ನ್ಯೂ ಆರ್ಲಿಯನ್ಸ್ ದಿನಗಳಿಗಷ್ಟೇ ಮೀಸಲಾದ ಪುಸ್ತಕದಲ್ಲಿ ಇದನ್ನು ಹುಡುಕುವುದು ಅನ್ಯಾಯ ಎನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. 1954ರಲ್ಲಿ ಬರೆಯುತ್ತಿದ್ದವನಿಗೆ ಎಲ್ಲವೂ ಗೊತ್ತಿತ್ತು. ಗುರುವನ್ನು ಅವನ ಏಳಿಗೆಯ ದಿನಗಳಲ್ಲೇ ಬಿಟ್ಟು ಪುಸ್ತಕ ಮುಚ್ಚುವುದು ಭಕ್ತಿಯೂ ಹೌದು, ತಾನು ಬಿಟ್ಟು ಹೊರಟದ್ದನ್ನು ಹೇಳದೆ ಉಳಿಯುವ ದಾರಿಯೂ ಹೌದು.

ಪುಸ್ತಕದಲ್ಲಿಲ್ಲದ ಆ ಭಾಗಕ್ಕಾಗಿ ನಾನು ಇನ್ನೊಂದು ಮುದ್ರಿಕೆಗೆ ಹೋಗುತ್ತೇನೆ. ‘ಡಿಪ್ಪರ್‌ಮೌತ್ ಬ್ಲೂಸ್’ನಲ್ಲಿ ಆಲಿವರ್ ನುಡಿಸಿದ ಮೂರು ಸುತ್ತಿನ ಏಕವಾದನ ಆಗಿನ ವಾದಕರಿಗೆಲ್ಲ ಬಾಯಿಪಾಠ. 1925ರಲ್ಲಿ ಫ್ಲೆಚರ್ ಹೆಂಡರ್ಸನ್‌ನ ತಂಡ ಅದೇ ಕೃತಿಯನ್ನು ‘ಶುಗರ್ ಫುಟ್ ಸ್ಟಾಂಪ್’ ಎಂದು ನುಡಿಸಿದಾಗ ಕಾರ್ನೆಟ್ ಹಿಡಿದವನು ಆರ್ಮ್‌ಸ್ಟ್ರಾಂಗ್. ಅಷ್ಟು ಹೊತ್ತಿಗೆ ಅವನು ಏನನ್ನಾದರೂ ಹೊಸದಾಗಿ ಕಟ್ಟಬಲ್ಲವನಾಗಿದ್ದ. ಆದರೂ ಅಲ್ಲಿ ನುಡಿಸಿದ್ದು ಬಹುಮಟ್ಟಿಗೆ ಆಲಿವರ್‌ನ ಆ ಮೂರು ಸುತ್ತುಗಳನ್ನೇ. ಪಕ್ಕದಲ್ಲಿ ಆಲಿವರ್ ಇರಲಿಲ್ಲ.