ಕಟ್ಟೆಯ ನೀರು, ಕಡಲಿನ ಕನಸು

ಮನೆಮಂದಿಯೆಲ್ಲ ಕೂಡಿ ಹೊಳೆ, ಕೆರೆ, ಬೆಟ್ಟಗಳ ಬಳಿ ಒಂದು ದಿನ ಕಳೆಯುವ ರೂಢಿ ಕಾವೇರಿ ಸೀಮೆಗೆ ಹೊಸದಲ್ಲ. ತುಲಾ ಮಾಸದ ಸ್ನಾನ, ಬೆಟ್ಟದ ದೇವರ ಜಾತ್ರೆ, ದೇವರ ಹೆಸರಿನಲ್ಲಿ ಬಂಧುಬಳಗಕ್ಕೆ ಊಟ ಹಾಕುವ 'ಪರ' ಇವೆಲ್ಲವೂ ಭಕ್ತಿಯ ನೆಪದಲ್ಲಿ ಕುಟುಂಬವನ್ನು ಬಯಲಿಗೆ ಕರೆತರುತ್ತಿದ್ದ ಸಂದರ್ಭಗಳೇ ಆಗಿದ್ದವು. ಹೊಸತೆಂದರೆ ದೇವರ ನೆಪವಿಲ್ಲದೆ, ಪ್ರಕೃತಿಯನ್ನೇ ಗುರಿಯಾಗಿಟ್ಟುಕೊಂಡು, ವಾರದ ರಜೆಯ ಅಳತೆಗೆ ಹೊಂದಿಸಿಕೊಂಡು, ಬೆಂಗಳೂರು ಮೈಸೂರುಗಳಿಂದ ಕಾರು ಬೈಕುಗಳಲ್ಲಿ ಬಂದು ಸಂಜೆಗೆ ಹಿಂದಿರುಗುವ 'ಟ್ರಿಪ್' ಎಂಬ ವಿಹಾರಕ್ರಮ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಈ ಕ್ರಮ ಹೇಗೆ ನಡೆಯುತ್ತಿದೆ, ಅದು ಮಕ್ಕಳಿಗೆ ಏನನ್ನು ಕಲಿಸುತ್ತದೆ, ನೆಲಕ್ಕೆ ಏನನ್ನು ಉಳಿಸುತ್ತದೆ ಎಂಬುದನ್ನು ತೂಗಿ ನೋಡುವುದು ಈ ಲೇಖನದ ಉದ್ದೇಶ.

ಇಂಥ ವಿಹಾರವನ್ನು ಅಳೆಯಲು ಮೂರು ಮಾನದಂಡಗಳು ಸಾಕು. ನೋಡುವವರ ಕಣ್ಣನ್ನು ಅದು ನಿಧಾನಗೊಳಿಸುತ್ತದೆಯೇ ಎಂಬುದು ಮೊದಲನೆಯದು. ಸ್ಥಳದ ಸ್ವಭಾವವನ್ನು ಅರಿತು ಜೀವಕ್ಕೆ ಅಪಾಯವಾಗದಂತೆ ನಡೆಯುತ್ತದೆಯೇ ಎಂಬುದು ಎರಡನೆಯದು. ಅಲ್ಲಿಯೇ ಬದುಕುವ ಜನಕ್ಕೂ ಪ್ರಾಣಿಪಕ್ಷಿಗಳಿಗೂ ಹೊರೆಯಾಗದೆ ಮುಗಿಯುತ್ತದೆಯೇ ಎಂಬುದು ಮೂರನೆಯದು. ಈ ಮೂರರಲ್ಲಿಯೂ ನಾಲ್ಕು ತಾಲ್ಲೂಕುಗಳ ಫಲಿತಾಂಶ ಒಂದೇ ಬಗೆಯಲ್ಲಿಲ್ಲ. ಈ ವ್ಯತ್ಯಾಸಕ್ಕೆ ಕಾರಣ ಸ್ಥಳಗಳ ಚೆಲುವಿನಲ್ಲಿನ ಹೆಚ್ಚುಕಡಿಮೆಯಲ್ಲ, ಅಲ್ಲಿಯ ಪ್ರಕೃತಿ ಯಾವ ಬಗೆಯದು ಎಂಬುದರ ತಿಳಿವಳಿಕೆಯಲ್ಲಿನ ಹೆಚ್ಚುಕಡಿಮೆ.

ಕುಟುಂಬ ಸಾಹಸವಿಹಾರದ ಇಂದಿನ ಕಲ್ಪನೆ ಬಹುಮಟ್ಟಿಗೆ ಕಡಲತೀರದಲ್ಲಿ ಬೆಳೆದದ್ದು. ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ಪೆಸಿಫಿಕ್ ತೀರದಂಥ ಉಷ್ಣವಲಯದ ಕರಾವಳಿಗಳು ಮರಳು, ಅಲೆ, ಕಾಡು, ಕೋತಿ, ಆಮೆಗಳನ್ನು ಒಂದೇ ನೋಟದಲ್ಲಿ ಒದಗಿಸುವುದರಿಂದ ಜಗತ್ತಿನ ಪ್ರವಾಸೋದ್ಯಮಕ್ಕೆ ಮಾದರಿಯಾಗಿವೆ. ಆದರೆ ಆ ಮಾದರಿಯ ಚಿತ್ರ ಮಾತ್ರ ಎಲ್ಲೆಡೆ ಹರಡಿತೇ ಹೊರತು ಅದರ ಹಿಂದಿನ ಶಿಸ್ತು ಹರಡಲಿಲ್ಲ. 1972ರಲ್ಲಿ ರಾಷ್ಟ್ರೀಯ ಉದ್ಯಾನವಾದ ಅಲ್ಲಿಯ ಮಾನ್ಯುಯೆಲ್ ಆಂಟೋನಿಯೊ ವಾರಕ್ಕೊಂದು ದಿನ ಬಾಗಿಲು ಮುಚ್ಚುತ್ತದೆ, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯನ್ನಿಡುತ್ತದೆ, ಒಳಗೆ ತಿಂಡಿ ಒಯ್ಯುವುದಕ್ಕೆ ಕಡಿವಾಣ ಹಾಕುತ್ತದೆ. ಕಾವೇರಿಯ ದಂಡೆಯಲ್ಲಿ ಸ್ವಲ್ಪ ಮರಳು, ಸ್ವಲ್ಪ ನೊರೆ ಕಂಡ ಕೂಡಲೇ ಅದನ್ನು ಗೋವೆಗೆ ಹೋಲಿಸುವ ಪ್ರವೃತ್ತಿಯಲ್ಲಿ ಕಡಲಿನ ಕನಸಿದೆ, ಕಡಲತೀರದ ಕಟ್ಟುಪಾಡಿಲ್ಲ.

ಇದಕ್ಕಿಂತಲೂ ಮುಖ್ಯವಾದ ಸಂಗತಿಯೆಂದರೆ, ಈ ನಾಲ್ಕು ತಾಲ್ಲೂಕುಗಳಲ್ಲಿ ವಿಹಾರಿಗಳು ಪ್ರಕೃತಿಯೆಂದು ಕರೆಯುವ ನೀರಿನ ತಾಣಗಳು ಬಹುಪಾಲು ಮನುಷ್ಯನ ಕೈಕೆಲಸದ ಫಲ. ಬಲಮುರಿಯ ನೊರೆ, ರಂಗನತಿಟ್ಟಿನ ನಡುಗಡ್ಡೆ, ತೊಣ್ಣೂರಿನ ತಿಳಿನೀರು, ಹೇಮಗಿರಿಯ ಧುಮುಕು, ಕನ್ನಂಬಾಡಿಯ ಹಿನ್ನೀರು ಇವುಗಳ ಹಿಂದೆ ಒಂದೊಂದು ಕಟ್ಟೆ ಅಥವಾ ಏರಿ ಇದೆ. ಕಟ್ಟೆಯೆಂದರೆ ನದಿಗೆ ಅಡ್ಡಲಾಗಿ ಕಲ್ಲು ಪೇರಿಸಿ, ನೀರಿನ ಮಟ್ಟವನ್ನು ತುಸು ಎತ್ತರಿಸಿ, ಪಕ್ಕದ ನಾಲೆಗೆ ತಿರುಗಿಸುವ ತಗ್ಗಾದ ಅಡ್ಡಗೋಡೆ. ಹೆಚ್ಚಾದ ನೀರು ಅದರ ನೆತ್ತಿಯ ಮೇಲೆ ಹರಿದು ಕೆಳಗೆ ಬೀಳುತ್ತದೆ. ಈ ತಾಣಗಳನ್ನು ಕಾಡು ಎಂದೋ ಕಡಲು ಎಂದೋ ಬಗೆಯದೆ ನೀರಾವರಿಯ ನೆರಳಿನಲ್ಲಿ ಬೆಳೆದ ಜೀವಲೋಕವೆಂದು ಓದಿದಾಗ ಮಾತ್ರ ಅವು ತಮ್ಮ ಅರ್ಥವನ್ನು ಬಿಟ್ಟುಕೊಡುತ್ತವೆ.

ರಂಗನತಿಟ್ಟು ಈ ಮಾತಿಗೆ ಅತ್ಯುತ್ತಮ ನಿದರ್ಶನ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645ರಿಂದ 1648ರ ನಡುವೆ, ಶ್ರೀರಂಗಪಟ್ಟಣದ ಮೇಲ್ಭಾಗದಲ್ಲಿ ಕಾವೇರಿಗೆ ಕಟ್ಟೆ ಹಾಕಿದಾಗ ಹಿಂದೆ ಸರಿದ ನೀರು ಸುತ್ತುವರಿದು ಈ ತಿಟ್ಟುಗಳು, ಅಂದರೆ ನೀರಿನ ನಡುವಿನ ದಿಬ್ಬಗಳು, ರೂಪುಗೊಂಡವು. ಸುತ್ತ ನೀರಿದ್ದು ನೆಲದ ಬೇಟೆಗಾರ ಪ್ರಾಣಿಗಳಿಗೆ ದಾರಿ ಕಷ್ಟವಾದುದರಿಂದ ಹಕ್ಕಿಗಳು ಅಲ್ಲಿ ಗೂಡು ಕಟ್ಟಿದವು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನವು 1940ರಲ್ಲಿ ಅದನ್ನು ಪಕ್ಷಿಧಾಮವೆಂದು ಘೋಷಿಸಿತು. 2022ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ತ್ವದ ಜೌಗುನೆಲಗಳಿಗೆ ಸಲ್ಲುವ ರಾಮ್ಸರ್ ಮನ್ನಣೆಯನ್ನೂ ಪಡೆಯಿತು. ಇಲ್ಲಿಯ ತೆರೆಕೊಕ್ಕಿನ ಕೊಕ್ಕರೆಯನ್ನೇ ನೋಡಿದರೆ, ಎರಡು ದವಡೆಗಳ ನಡುವೆ ಸಂದಿಯಿರುವ ಅದರ ಕೊಕ್ಕು ಬಸವನಹುಳುವನ್ನು ಚಿಪ್ಪಿನಿಂದ ಬಿಡಿಸುವುದಕ್ಕೆ ಒಗ್ಗಿದ್ದು, ಆ ಹುಳು ಹೇರಳವಾಗಿ ಸಿಗುವುದು ನಾಲೆ ನೀರಿನ ಭತ್ತದ ಗದ್ದೆಗಳಲ್ಲಿ. ಕಟ್ಟೆಯಿಂದ ನಾಲೆ, ನಾಲೆಯಿಂದ ಗದ್ದೆ, ಗದ್ದೆಯಿಂದ ಹುಳು, ಹುಳುವಿನಿಂದ ಕೊಕ್ಕರೆ ಎಂಬ ಈ ಸರಪಳಿಯನ್ನು ಹತ್ತು ವರ್ಷದ ಮಗುವೂ ಒಂದು ಬೆಳಗ್ಗೆಯಲ್ಲಿ ಗ್ರಹಿಸಬಲ್ಲದು.

ವಿಹಾರಕ್ರಮವಾಗಿಯೂ ರಂಗನತಿಟ್ಟು ಉಳಿದೆಲ್ಲ ತಾಣಗಳಿಗಿಂತ ಮೇಲಿನದು. ದೋಣಿಯಲ್ಲಿ ಕುಳಿತವರು ಏಳುವಂತಿಲ್ಲ, ಇಳಿಯುವಂತಿಲ್ಲ, ಹುಟ್ಟು ಹಾಕುವವರ ವೇಗವನ್ನು ಮೀರುವಂತಿಲ್ಲ. ಬಂಡೆಯ ಮೇಲೆ ಬಾಯ್ತೆರೆದು ಮಲಗಿದ ಮೊಸಳೆ, ಯಾರೂ ಗದರಿಸದೆಯೇ, ನೀರಿಗೆ ಕೈ ಇಳಿಬಿಡುವ ಆಸೆಯನ್ನು ಅಡಗಿಸುತ್ತದೆ. ಬಣ್ಣದ ಕೊಕ್ಕರೆ, ಚಮಚದ ಕೊಕ್ಕು, ನೀರುಕಾಗೆ, ಹೊಳೆಯ ರೀವ, ಮರದಲ್ಲಿ ತಲೆಕೆಳಗಾಗಿ ತೂಗುವ ತೊಗಲುಬಾವಲಿ ಇವುಗಳನ್ನು ದೋಣಿಯವರು ಹೆಸರು ಹಿಡಿದು ತೋರಿಸುವಾಗ ಮೊದಲ ಮಾನದಂಡವಾದ ಕಣ್ಣಿನ ನಿಧಾನ ತಾನಾಗಿಯೇ ಸಿದ್ಧಿಸುತ್ತದೆ. ಕೊರತೆಯಿರುವುದು ಕಾಲದ ವಿಷಯದಲ್ಲಿ. ಕುಟುಂಬಗಳು ಹೆಚ್ಚಾಗಿ ಬರುವುದು ದಸರೆಯ ರಜೆಯಲ್ಲಿ. ಬಣ್ಣದ ಕೊಕ್ಕರೆಗಳ ಗೂಡು, ಮೊಟ್ಟೆ, ಮರಿಗಳ ಸಡಗರವಾದರೋ ವರ್ಷದ ಆರಂಭದಿಂದ ಬೇಸಿಗೆಯವರೆಗೆ. ಶಾಲೆಯ ಪಂಚಾಂಗ ಬೇರೆ, ಹಕ್ಕಿಯ ಪಂಚಾಂಗ ಬೇರೆ ಎಂಬುದನ್ನು ಅರಿಯದೆ ಬಂದವರಿಗೆ ಅರೆಬರೆ ತುಂಬಿದ ಮರಗಳು ನಿರಾಸೆಯನ್ನುಂಟುಮಾಡುತ್ತವೆ. ಮಳೆಗಾಲದಲ್ಲಿ ಕನ್ನಂಬಾಡಿಯ ಕೃಷ್ಣರಾಜಸಾಗರ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ದೋಣಿವಿಹಾರವೇ ನಿಲ್ಲುತ್ತದೆ.

ರಂಗನತಿಟ್ಟಿಗೆ ಮೇಲಿನಿಂದ ಹರಿದು ಬರುವ ಅದೇ ನದಿ ಬಲಮುರಿ ಎಡಮುರಿಗಳಲ್ಲಿ ಸಂಪೂರ್ಣ ವಿರುದ್ಧವಾದ ವಿಹಾರಕ್ಕೆ ಎಡೆಮಾಡಿಕೊಟ್ಟಿದೆ. ಬಲಮುರಿಯನ್ನು ಜನ ಜಲಪಾತವೆನ್ನುತ್ತಾರೆ, ಸಿನಿಮಾಗಳೂ ಹಾಗೆಯೇ ತೋರಿಸಿವೆ. ವಾಸ್ತವದಲ್ಲಿ ಅದು ವಿರಿಜಾ ನಾಲೆಗೆ ನೀರು ತಿರುಗಿಸುವ ಕಟ್ಟೆ. ನದಿಯ ಅಗಲಕ್ಕೂ ಬಿಳಿಯ ಪರದೆಯಂತೆ ಬೀಳುವ ನೀರು ಸುಮಾರು ಆಳೆತ್ತರದ್ದಾದುದರಿಂದ ನಿರಪಾಯಕಾರಿಯಾಗಿ ಕಾಣುತ್ತದೆ, ಮತ್ತು ಅಪಾಯವಿರುವುದು ಆ ನೋಟದಲ್ಲಿಯೇ. ಕಟ್ಟೆಯ ಮೇಲಿನಿಂದ ಬಿದ್ದ ನೀರು ಬುಡದಲ್ಲಿ ಉರುಳಿ ಮತ್ತೆ ಕಟ್ಟೆಯ ಕಡೆಗೇ ತಿರುಗುವುದರಿಂದ, ಅದರ ಸೆಳೆತಕ್ಕೆ ಸಿಕ್ಕವರು ಮುಂದಕ್ಕೆ ತೇಲಿಹೋಗುವ ಬದಲು ಅಲ್ಲಿಯೇ ಮುಳುಗೇಳುತ್ತಾರೆ. ಶತಮಾನಗಳ ಕಾಲ ಬಿದ್ದ ನೀರು ತಳವನ್ನು ಕೊರೆದು ಅಲ್ಲಲ್ಲಿ ಮಡುಗಳನ್ನು, ಅಂದರೆ ಹಠಾತ್ತನೆ ಆಳವಾಗುವ ಗುಂಡಿಗಳನ್ನು, ಮಾಡಿರುತ್ತದೆ. ಕಲ್ಲಿನ ಮೇಲಿನ ಪಾಚಿ ಕಾಲನ್ನು ನಿಲ್ಲಗೊಡುವುದಿಲ್ಲ. ಮರಳಿನ ಕಡಲತೀರ ಬಹುಮಟ್ಟಿಗೆ ಮೆಲ್ಲನೆ ಇಳಿಯುತ್ತದೆ, ಕಟ್ಟೆಯ ಬುಡ ಒಮ್ಮೆಲೇ ಇಳಿಯುತ್ತದೆ. ಕಡಲಿನ ಕನಸನ್ನು ಹೊತ್ತು ಇಲ್ಲಿ ನೀರಿಗಿಳಿಯುವುದು ತಪ್ಪು ನಕ್ಷೆ ಹಿಡಿದು ದಾರಿ ನಡೆದಂತೆ.

ಮೂರನೆಯ ಮಾನದಂಡದಲ್ಲಿಯೂ ಬಲಮುರಿಯ ವಿಹಾರ ಸೋಲುತ್ತದೆ. ದಂಡೆಯಲ್ಲಿ ಒಲೆ ಹೂಡಿ ಅಡುಗೆ ಮಾಡಿ ತಟ್ಟೆ ಲೋಟಗಳನ್ನು ಅಲ್ಲಿಯೇ ಬಿಟ್ಟುಹೋಗುವುದು, ಕುಡಿದು ಒಡೆದ ಬಾಟಲಿಯ ಚೂರುಗಳು ಕಲ್ಲಿನ ಸಂದಿಗಳಲ್ಲಿ ಉಳಿಯುವುದು ಹೊಳೆಗೆ ಇಳಿಯುವ ಊರಿನವರ ಕಾಲಿಗೂ ದನಗಳ ಗೊರಸಿಗೂ ಗಾಯವಾಗಿ ಪರಿಣಮಿಸುತ್ತದೆ. ಪರದ ಊಟಕ್ಕೂ ಒಲೆ ಹೂಡುತ್ತಿದ್ದರು. ಆದರೆ ಆಗಿನ ಎಲೆ ಮಣ್ಣಾಗುತ್ತಿತ್ತು, ಈಗಿನ ತಟ್ಟೆ ನಾಲೆಯ ತೂಬಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ.

ಪಾಂಡವಪುರ ತಾಲ್ಲೂಕು ಈ ಎರಡು ತುದಿಗಳ ನಡುವೆ ನಿಲ್ಲುತ್ತದೆ. ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ತೊಣ್ಣೂರು ಕೆರೆ ರಾಮಾನುಜಾಚಾರ್ಯರ ನೆನಪಿನೊಂದಿಗೆ ಬೆಸೆದುಕೊಂಡಿದೆ. 1746ರಲ್ಲಿ ಅದನ್ನು ಕಂಡ ದಖ್ಖನಿನ ಸುಬೇದಾರನ ಮಗ ನಾಸಿರ್ ಜಂಗ್ ಅದರ ತಿಳಿನೀರಿಗೆ ಮೆಚ್ಚಿ ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ, ಎಂದು ಕರೆದನೆಂಬುದು ದಾಖಲಾದ ಸಂಗತಿ. ಆ ತಿಳಿತನವೇ ಇಂದು ಮೋಸದ ಗುಣವಾಗಿದ್ದು, ತಳ ಹತ್ತಿರ ಕಾಣುವ ನೀರು ಈಜು ಬಾರದವರನ್ನೂ ಕರೆಯುತ್ತದೆ. ಕುಂತಿಬೆಟ್ಟದ ಹತ್ತುವಿಕೆಯಾದರೋ ಕುಟುಂಬ ಸಾಹಸಕ್ಕೆ ಹೇಳಿ ಮಾಡಿಸಿದಂತಿದೆ. ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರಿಂದ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಬಂಡೆಯ ಮೇಲೆ ನಿಂತವರಿಗೆ ಕೆಳಗಿನ ಕಬ್ಬು, ಭತ್ತ, ತೆಂಗು, ಕೆರೆಗಳು ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಕ್ಷೆಯಂತೆ ಬಿಡಿಸಿ ತೋರಿಸುತ್ತವೆ. ಆದರೆ ಸೂರ್ಯೋದಯದ ಚಿತ್ರಕ್ಕಾಗಿ ಕತ್ತಲಲ್ಲಿ ಟಾರ್ಚು ಹಿಡಿದು ಗುಂಪಾಗಿ ಏರುವ ಕ್ರಮ ಬಲಿತಂತೆಲ್ಲ ಹಗಲಿನ ಈ ಪಾಠ ಹಿಂದೆ ಸರಿಯುತ್ತದೆ.

ಇದೇ ತಾಲ್ಲೂಕಿನ ಮೇಲುಕೋಟೆಯ ವಿಚಾರದಲ್ಲಿ ವಿಹಾರಿಗಳ ಕುರುಡು ಇನ್ನಷ್ಟು ಸ್ಪಷ್ಟ. ಕಲ್ಯಾಣಿ, ಚೆಲುವನಾರಾಯಣ, ಯೋಗಾನರಸಿಂಹ, ಪುಳಿಯೋಗರೆ ಇಷ್ಟರಲ್ಲಿ ಮುಗಿಯುವ ಮೇಲುಕೋಟೆಯ ಸುತ್ತಲಿನ ಕುರುಚಲು ಕಾಡು ತೋಳಗಳಿಗಾಗಿ 1974ರಲ್ಲಿ ಘೋಷಿತವಾದ, ಸುಮಾರು 50 ಚದರ ಕಿಲೋಮೀಟರಿನ ವನ್ಯಧಾಮವೆಂಬುದು ಬಂದವರಲ್ಲಿ ಕೆಲವರಿಗಷ್ಟೇ ಗೊತ್ತು. ತೋಳ ಕಣ್ಣಿಗೆ ಬೀಳುವುದು ಅಪರೂಪ. ಕಾಣದ ಪ್ರಾಣಿಗೂ ನೆಲ ಬಿಟ್ಟುಕೊಡಬೇಕೆಂಬ ತಿಳಿವಳಿಕೆ ಪ್ರಕೃತಿ ಶಿಕ್ಷಣದ ಕಠಿಣ ಪಾಠವಾದುದರಿಂದ, ಅದನ್ನು ಕಲಿಸಲು ಮೇಲುಕೋಟೆಗಿಂತ ತಕ್ಕ ಜಾಗ ಈ ಸೀಮೆಯಲ್ಲಿಲ್ಲ.

ಕೃಷ್ಣರಾಜಪೇಟೆಯ ಹೇಮಾವತಿ ದಂಡೆ ಇನ್ನೂ ಸದ್ದುಗದ್ದಲಕ್ಕೆ ಪೂರ್ತಿ ಒಳಗಾಗಿಲ್ಲ. ಹೇಮಗಿರಿಯ ಕಟ್ಟೆ, ಹಿನ್ನೀರಿನಂಚಿನ ಭೂವರಾಹನಾಥ ಕಲ್ಲಹಳ್ಳಿ, ಕಾವೇರಿ ಹೇಮಾವತಿ ಲಕ್ಷ್ಮಣತೀರ್ಥಗಳು ಸೇರುವ ಅಂಬಿಗರಹಳ್ಳಿಯ ಸಂಗಮ ಇವು ನದಿಯನ್ನು ಮೌನವಾಗಿ ನೋಡಲು ಒದಗುವ ತಾಣಗಳು. 1911ರಲ್ಲಿ ಕನ್ನಂಬಾಡಿ ಅಣೆಕಟ್ಟಿನ ಕೆಲಸ ಆರಂಭವಾಗಿ ಮುಂದಿನ ಎರಡು ದಶಕಗಳಲ್ಲಿ ನೀರು ನಿಂತಾಗ ಊರುಗಳೂ ಹೊಲಗಳೂ ಮುಳುಗಿದವು; ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಬಯಲಾಗುವ ನೆಲದ ಮೇಲೆ ವಾಹನ ಓಡಿಸಿ ಸುತ್ತು ಹಾಕುವವರಿಗೆ ತಾವು ಯಾರದೋ ಹೊಲದ ಮೇಲಿದ್ದೇವೆ ಎಂಬ ಅರಿವಿರಬೇಕು. ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿ, ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾವ್ ಇಬ್ಬರೂ ಈ ತಾಲ್ಲೂಕಿನವರೆಂಬುದನ್ನು ನೆನೆದರೆ, ಸಣ್ಣದನ್ನು ಅಕ್ಕರೆಯಿಂದ ನೋಡುವ ಅಭ್ಯಾಸ ಈ ದಂಡೆಗೆ ಪರಕೀಯವಲ್ಲವೆಂದು ಹೇಳಬಹುದು.

ನಾಗಮಂಗಲದಲ್ಲಿ ಕಾವೇರಿಯೂ ಇಲ್ಲ, ಹೇಮಾವತಿಯೂ ಇಲ್ಲ. ವಿಹಾರದ ಪಟ್ಟಿಗಳಲ್ಲಿ ಅದು ಹಿಂದುಳಿದಿರುವುದಕ್ಕೆ ಈ ಒಣತನವೇ ಕಾರಣ. ಆದರೂ ಆದಿಚುಂಚನಗಿರಿಯ ನವಿಲುಧಾಮ, ಒಂದು ಚದರ ಕಿಲೋಮೀಟರಿಗಿಂತ ಕಿರಿದಾಗಿದ್ದರೂ, ಬೇರೊಂದು ಬಗೆಯ ಮೌಲ್ಯವನ್ನು ಹೊಂದಿದೆ. ಕಾಲಭೈರವೇಶ್ವರನ ಕ್ಷೇತ್ರಕ್ಕೆ ಬರುವ ಭಕ್ತರ ನಡುವೆಯೇ ನವಿಲು ನಿರ್ಭಯವಾಗಿ ಓಡಾಡುವುದು ಬೇಲಿಗಿಂತ ಹೆಚ್ಚಾಗಿ ಶ್ರದ್ಧೆ ಕೊಟ್ಟ ರಕ್ಷಣೆಯ ಫಲ. ಮುಂಗಾರು ಮುಗಿದ ಮೇಲೆ ಗಂಡುನವಿಲು ಗರಿ ಉದುರಿಸಿಕೊಂಡಿರುತ್ತದೆ ಎಂಬುದು ತಿಳಿದವರು ದಸರೆಯಲ್ಲಿ ಬೋಳುಬಾಲದ ನವಿಲನ್ನು ಕಂಡು ಬೇಸರಿಸುವುದಿಲ್ಲ.

ಈ ವಿಮರ್ಶೆಗೆ ಒಂದು ಗಟ್ಟಿಯಾದ ಆಕ್ಷೇಪಣೆಯಿದೆ. ರಂಗನತಿಟ್ಟಿನಲ್ಲಿ ಟಿಕೇಟು ಬೇಕು, ದೋಣಿಗೆ ಬೇರೆ ಹಣ ಬೇಕು. ಬಲಮುರಿಯಲ್ಲಿ ಹೊಳೆ ಎಲ್ಲರದೂ ಆಗಿದೆ, ಕೂಲಿ ಮಾಡುವ ಕುಟುಂಬವೂ ಮಕ್ಕಳೊಡನೆ ಅಲ್ಲಿ ನಗಬಹುದು. ಹಾಗಿರುವಾಗ ಶಿಸ್ತಿನ ಹೆಸರಿನಲ್ಲಿ ಬಡವರ ಏಕೈಕ ವಿಹಾರವನ್ನು ಹಳಿಯುವುದು ಸರಿಯೇ? ಈ ಮಾತಿನಲ್ಲಿ ನ್ಯಾಯವಿದೆ, ಮತ್ತು ಹೊಳೆಗೆ ಬೇಲಿ ಹಾಕುವುದು ಅದಕ್ಕೆ ಉತ್ತರವೂ ಅಲ್ಲ. ಆದರೆ ಹೊಳೆ ಎಲ್ಲರದೂ ಎಂಬ ಕಾರಣಕ್ಕಾಗಿಯೇ ಅದರ ಸ್ವಭಾವವೂ ಎಲ್ಲರಿಗೂ ತಿಳಿದಿರಬೇಕಾಗುತ್ತದೆ. ಮಡು ಎಲ್ಲಿದೆ, ಮೇಲಿನಿಂದ ನೀರು ಯಾವಾಗ ಬಿಡುತ್ತಾರೆ, ಎಲ್ಲಿಯವರೆಗೆ ಕಾಲಿಡಬಹುದು ಎಂಬುದು ಹೊಳೆದಂಡೆಯ ಮೀನುಗಾರನಿಗೂ ಬಟ್ಟೆ ಒಗೆಯುವ ಹೆಂಗಸಿಗೂ ಗೊತ್ತಿರುವ ವಿದ್ಯೆ. ಅವರನ್ನು ಮಾತನಾಡಿಸದೆ, ಕೈಯಲ್ಲಿನ ಫೋನನ್ನು ಮಾತ್ರ ಕೇಳಿ ಬರುವುದರಿಂದಲೇ ಆ ವಿದ್ಯೆ ಹೊರಗಿನವರಿಗೆ ದಕ್ಕದೆ ಹೋಗಿದೆ.

ಒಟ್ಟು ತೀರ್ಮಾನವನ್ನು ಹೀಗೆ ಹೇಳಬಹುದು: ಈ ನಾಲ್ಕು ತಾಲ್ಲೂಕುಗಳ ಕುಟುಂಬ ವಿಹಾರ ಉತ್ಸಾಹದಲ್ಲಿ ಶ್ರೀಮಂತ, ತಿಳಿವಳಿಕೆಯಲ್ಲಿ ಬಡವ. ಅದು ಕೂತು ನೋಡುವಲ್ಲಿ ಗೆದ್ದಿದೆ, ನೀರಿಗಿಳಿಯುವಲ್ಲಿ ಸೋತಿದೆ, ಒಣನೆಲವನ್ನೂ ಕಾಣದ ಪ್ರಾಣಿಯನ್ನೂ ಗಮನಿಸುವುದನ್ನು ಇನ್ನೂ ಕಲಿಯಬೇಕಾಗಿದೆ. ಮಕ್ಕಳನ್ನು ಹೊಳೆಗೆ ಕರೆದೊಯ್ಯುವ ಹಿರಿಯರು ಮೊದಲು ಕಟ್ಟೆಯನ್ನು ತೋರಿಸಿ, ಅದು ಯಾವ ನಾಲೆಗೆ ನೀರು ಕೊಡುತ್ತದೆ, ಆ ನಾಲೆ ಯಾವ ಊರಿನ ಗದ್ದೆಗೆ ಹೋಗುತ್ತದೆ ಎಂದು ದಂಡೆಯ ಮೇಲೆ ನಿಂತೇ ಹೇಳಿಕೊಡಲಿ. ನೀರಿಗಿಳಿಯುವ ಮಾತು ಊರಿನವರನ್ನು ಕೇಳಿದ ಮೇಲೆ.